ಲಕ್ವ ಹೊಡೆದ ಅಪ್ಪಾಜಿನ ಮನೇಲಿ ನೋಡ್ಕೊಳ್ಳೋಕೆ ಸರ್ಕಾರದಿಂದ ಏನೇನು ಸಿಗುತ್ತೆ? ದಾವಣಗೆರೆ, ಚಿತ್ರದುರ್ಗದ ಕಡೆಯವರು ತಿಳಿಸಿ

ಹೊಳೆಸಾಲು
ಎಲ್ಲರಿಗೂ ನಮಸ್ಕಾರ. ಯುಗಾದಿ ಆದ್ಮೇಲೆ ಅಪ್ಪಾಜಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದು ಹೋಗಿವೆ. ಮಾತು ತೊದಲು. ಮೂಗಿನ ಪೈಪು ತೆಗೆದಿದಾರೆ, ಉಚ್ಚೆ ಪೈಪು ಇನ್ನೂ ಇದೆ. ಬಿಪಿಎಲ್ ಕಾರ್ಡ್ ಇರೋದ್ರಿಂದ ಆಸ್ಪತ್ರೆ ಬಿಲ್ಲು ಆಯುಷ್ಮಾನ್‌ನಲ್ಲಿ ಹೋಯ್ತು. ತೊಂದರೆ ಶುರುವಾಗಿದ್ದು ಮನೆಗೆ ಕರ್ಕೊಂಡು ಬಂದ ಮೇಲೆ. ಡೈಪರ್ರು, ಪೈಪು ಬದಲಾಯಿಸೋದು, ಬಿಪಿ ಮಾತ್ರೆ, ಶುಗರ್ ಮಾತ್ರೆ, ಫಿಸಿಯೋಥೆರಪಿಯವರು ಮನೆಗೆ ಬಂದ್ರೆ ದಿನದ ಲೆಕ್ಕ. ಅವ್ವ ಒಬ್ಬಳೇ ಎತ್ತಿ ಇಳಿಸಿ ಅವಳ ಸೊಂಟ ಹಿಡ್ಕೊಂಡಿದೆ. ನಾನು ಅಂಗಡಿ ಕೆಲಸದವನು, ರಜಾ ಹಾಕಿದ್ರೆ ಸಂಬಳ ಕಟ್ಟು.

ಕಾರ್ಡಿನ 5 ಲಕ್ಷದಲ್ಲಿ ಇನ್ನೂ ಬೇಕಾದಷ್ಟು ಉಳಿದಿದೆ, ಆದ್ರೆ ಮನೆ ಖರ್ಚಿಗೆ ಒಂದು ರೂಪಾಯೂ ಬರಲ್ಲ ಅಂತಾರೆ. ನಿಜಾನಾ? ವರ್ಷಗಟ್ಟಲೆ ಹಾಸಿಗೇಲಿ ಇರೋರಿಗೆ ಬೇರೆ ದಾರಿ ಏನಾದ್ರೂ ಇದೆಯಾ?

ಮಂಡಿಪೇಟೆ
ನಿಜ ಅಣ್ಣ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇರೋದು ಅಡ್ಮಿಟ್ ಆದೋರಿಗೆ. ಅಡ್ಮಿಟ್‌ಗೆ ಮುಂಚೆ 3 ದಿನ, ಡಿಸ್ಚಾರ್ಜ್ ಆದ್ಮೇಲೆ 15 ದಿನದ ಔಷಧಿ ಪ್ಯಾಕೇಜಲ್ಲೇ ಸೇರಿರುತ್ತೆ. ಹದಿನಾರನೇ ದಿನದಿಂದ ಎಲ್ಲಾ ನಿಮ್ಮ ಮೇಲೆ. ಆ 15 ದಿನದ ಮಾತ್ರೆ ಕೊಟ್ರಾ?

ಹೊಳೆಸಾಲು
ಇಲ್ಲ. ಚೀಟಿ ಬರೆದು ಹೊರಗಡೆ ತಗೊಳ್ಳಿ ಅಂದ್ರು.

ಮಂಡಿಪೇಟೆ
ಆ ಚೀಟಿ, ಮೆಡಿಕಲ್ ಶಾಪ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಮೂರೂ ಎತ್ತಿಟ್ಕೊಳ್ಳಿ. ಆಸ್ಪತ್ರೇಲಿ ಈ ಯೋಜನೆ ನೋಡ್ಕೊಳ್ಳೋ ಆರೋಗ್ಯಮಿತ್ರರ ಹತ್ರ ಕೇಳಿ, ಅವರು ನುಣುಚಿಕೊಂಡ್ರೆ 104ಕ್ಕೆ ಫೋನ್ ಮಾಡಿ ದೂರು ಬರೆಸಿ. ದುಡ್ಡು ಚಿಕ್ಕದಿರಬಹುದು, ಆದ್ರೆ ಕೊಡಬೇಕಾದ್ದನ್ನ ಕೊಡ್ಲಿಲ್ಲ ಅಂತ ದಾಖಲೆ ಆಗ್ಬೇಕು. ಯಾರೂ ಕೇಳಲ್ಲ ಅಂತಾನೇ ಹಿಂಗೆ ಮಾಡ್ತಾರೆ.

ಜೋಗಿಮಟ್ಟಿ
ನಿಮಗೆ ಬಿಪಿಎಲ್ ಆದ್ರೂ ಇದೆ. ನಮ್ಮದು ಎಪಿಎಲ್. ಪ್ಯಾಕೇಜ್ ದರದಲ್ಲಿ ಶೇ. 30 ಅಷ್ಟೇ ಕೊಡೋದು, ಇಡೀ ಮನೆಗೆ ವರ್ಷಕ್ಕೆ 1.5 ಲಕ್ಷ ಮಿತಿ. ಹೊಲ ಇದೆ ಅಂತ ಎಪಿಎಲ್ ಮಾಡಿದ್ರು. ಆ ಹೊಲದಲ್ಲಿ ಮಳೆ ಬರದೆ ಶೇಂಗಾ ಬೀಜದ ದುಡ್ಡೂ ಹುಟ್ಟಿಲ್ಲ, ಅದನ್ನ ಯಾರು ನೋಡ್ತಾರೆ?

ಬೆಣ್ಣೆನಗರಿ
ರೋಗಿನ ನೋಡ್ಕೊಳ್ಳೋರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಇದೆಯಲ್ಲ. ಅಮ್ಮನ ಹೆಸರಲ್ಲಿ ಅರ್ಜಿ ಹಾಕಿ.

ವಿಆರ್‌ಡಬ್ಲ್ಯೂ ಅಕ್ಕ
ಬೆಣ್ಣೆನಗರಿ ಅವರೇ, ಅದು ಎಲ್ಲರಿಗೂ ಅಲ್ಲ. 2024-25ರ ರಾಜ್ಯ ಬಜೆಟ್‌ನಲ್ಲಿ ಘೋಷಣೆ ಮಾಡಿದ್ದು ನಾಲ್ಕು ಕಾಯಿಲೆಯವರ ಆರೈಕೆದಾರರಿಗೆ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಲಕ್ವ ಪಟ್ಟೀಲಿ ಇಲ್ಲ. ನಮ್ಮ ಪಂಚಾಯ್ತಿಲಿ ಇದನ್ನ ಕೇಳ್ಕೊಂಡು ಬರೋರೆಲ್ಲ ಹೆಚ್ಚುಕಮ್ಮಿ ಲಕ್ವದವರೇ, ವಾಪಸ್ ಕಳಿಸೋಕೆ ನನಗೆ ಬಾಯೇ ಬರಲ್ಲ.

ಹೊಳೆಸಾಲು ತಮ್ಮ, ನಾನು ಗ್ರಾಮ ಪಂಚಾಯ್ತಿಲಿ ವಿಆರ್‌ಡಬ್ಲ್ಯೂ, ಅಂದ್ರೆ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಪ್ರತಿ ಪಂಚಾಯ್ತಿಗೆ ನಮ್ಮಂಥೋರು ಒಬ್ಬರು ಇರ್ತಾರೆ, ತಾಲೂಕಿಗೆ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ. ಮೊದಲು ಅವರನ್ನ ಹುಡುಕಿ. ಲಕ್ವದವರ ಮನೆಯವರು ನಮ್ಮ ಹತ್ರ ಬರೋದೇ ಇಲ್ಲ, ಯಾಕಂದ್ರೆ ಅದು ಕಾಯಿಲೆ, ಅಂಗವಿಕಲತೆ ಅಲ್ಲ ಅಂದ್ಕೊಂಡಿರ್ತಾರೆ. ಕೈಕಾಲು ಆಡದೇ ಇದ್ರೆ ಅದು ಚಲನೆಯ ಅಂಗವಿಕಲತೆ. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ ಸಿಗುತ್ತೆ. ಆ ಕಾರ್ಡ್ ಕೈಗೆ ಬಂದ್ರೆ ಉಳಿದ ಬಾಗಿಲು ತೆಗೀತವೆ, ಇಲ್ಲದಿದ್ರೆ ಎಲ್ಲಿ ಹೋದ್ರೂ "ಸರ್ಟಿಫಿಕೇಟ್ ತನ್ನಿ" ಅಂತಾರೆ.

ಒಂದು ವಿಷಯ ನೆನಪಿರಲಿ. ಲಕ್ವದಂಥ ನರದ ಕಾಯಿಲೆಗೆ ಅಂಗವಿಕಲತೆ ಶೇಕಡಾ ಎಷ್ಟು ಅಂತ ಅಳೆಯೋದು ಸಾಮಾನ್ಯವಾಗಿ ಹೊಡೆದು 6 ತಿಂಗಳು ಆದ್ಮೇಲೆ. ಅದಕ್ಕೆ ಮುಂಚೆ ಗಾಡಿ ಮಾಡ್ಕೊಂಡು ಅಪ್ಪಾಜಿನ ಎತ್ಕೊಂಡು ಹೋಗ್ಬೇಡಿ, ಸುಮ್ಮನೆ ಅವರಿಗೂ ಹಿಂಸೆ. ಆನ್‌ಲೈನ್ ಅರ್ಜಿ, ಫೋಟೋ, ಆಧಾರ್, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ಎಲ್ಲಾ ಸಿದ್ಧ ಮಾಡಿಟ್ಕೊಳ್ಳಿ.

ಪಿಂಚಣಿ: ಶೇ. 40ರ ಮೇಲೆ 75ರ ಒಳಗೆ ಬಂದ್ರೆ ತಿಂಗಳಿಗೆ 800, ಶೇ. 75 ದಾಟಿದ್ರೆ 1,400. ನಾಡಕಚೇರೀಲಿ ಅರ್ಜಿ. ಅಪ್ಪಾಜಿಗೆ ವಯಸ್ಸೆಷ್ಟು? ಈಗಾಗಲೇ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ 1,200 ಬರ್ತಿದ್ರೆ ಎರಡೂ ಒಟ್ಟಿಗೆ ಸಿಗಲ್ಲ, ಒಂದನ್ನ ಆರಿಸ್ಕೋಬೇಕು. ಅವ್ವನಿಗೆ ಬರೋ ಗೃಹಲಕ್ಷ್ಮಿಗೆ ಇದರಿಂದ ಏನೂ ತೊಂದರೆ ಇಲ್ಲ.

ಇನ್ನೊಂದು, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಪಂಚಾಯ್ತಿ ಅನುದಾನದಲ್ಲಿ ಶೇ. 5ರಷ್ಟು ಅಂಗವಿಕಲರಿಗೆ ಅಂತ ಎತ್ತಿಡಬೇಕು. ಗಾಲಿಕುರ್ಚಿ, ಚಿಕಿತ್ಸೆ ವೆಚ್ಚಕ್ಕೆ ಅದರಲ್ಲಿ ಕೊಡಬಹುದು. ಗ್ರಾಮಸಭೇಲಿ ನಿಂತು ಕೇಳಿ, ಕೇಳಿದ್ದನ್ನ ನಡಾವಳೀಲಿ ಬರೆಸಿ. ಬಾಯಲ್ಲಿ ಕೇಳಿದ್ದಕ್ಕೆ ಬೆಲೆ ಇಲ್ಲ.

ಕೊಂಡಜ್ಜಿ
ಶೇ. 5ರ ದುಡ್ಡಲ್ಲಿ ನಮ್ಮೂರಲ್ಲಿ ಇದುವರೆಗೆ ಪಾತ್ರೆ, ಟಾರ್ಪಾಲು ಹಂಚಿದ್ದೇ ನೋಡಿರೋದು. ಡೈಪರ್ ಕೊಟ್ಟಿದ್ದು ನೋಡಿಲ್ಲ.

ವಿಆರ್‌ಡಬ್ಲ್ಯೂ ಅಕ್ಕ
ಅದಕ್ಕೇ ಬರವಣಿಗೇಲಿ ಕೇಳಿ ಅನ್ನೋದು. ಏನು ಬೇಕು ಅಂತ ಯಾರೂ ಬರೆದು ಕೊಡದಿದ್ರೆ ಅವರಿಗೆ ಸುಲಭವಾಗಿದ್ದನ್ನ ಕೊಂಡು ಹಂಚ್ತಾರೆ.

ಶಾಂತಿಸಾಗರ
ಫಿಸಿಯೋಥೆರಪಿಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಅಂಗವಿಕಲರ ಪುನರ್ವಸತಿ ಕೇಂದ್ರ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ, ಮಾತು ಕಲಿಸೋ ಸ್ಪೀಚ್ ಥೆರಪಿ ಎಲ್ಲಾ ಒಂದೇ ಕಡೆ. ನಮ್ಮ ಚಿಕ್ಕಪ್ಪನಿಗೆ ಮಾತು ವಾಪಸ್ ಬಂದಿದ್ದು ಸ್ಪೀಚ್ ಥೆರಪಿಯಿಂದ. ಕಾಲಿಗೆ ಮಾತ್ರ ಥೆರಪಿ ಮಾಡ್ಸಿ ಮಾತನ್ನ ಹಂಗೇ ಬಿಟ್ಬಿಡ್ತಾರೆ ಜನ, ಬಿಡಬೇಡಿ. ಚಿಗಟೇರಿ ಜಿಲ್ಲಾಸ್ಪತ್ರೇಲೂ ಫಿಸಿಯೋಥೆರಪಿ ವಿಭಾಗ ಇದೆ.

ಹೊಳೆಸಾಲು
ಸಿಆರ್‌ಸಿ ಬಗ್ಗೆ ಗೊತ್ತೇ ಇರಲಿಲ್ಲ ಅಣ್ಣ. ಆದ್ರೆ ಕರ್ಕೊಂಡು ಹೋಗೋದು ಹೆಂಗೆ? ಕೂರಿಸಿದ್ರೆ ಒಂದು ಕಡೆ ವಾಲ್ತಾರೆ. ಆಟೋದವರು ಹತ್ತಿಸ್ಕೊಳ್ಳಲ್ಲ, ಆಂಬುಲೆನ್ಸ್ ಮಾಡಿದ್ರೆ ಥೆರಪಿಗಿಂತ ಬಾಡಿಗೆ ಜಾಸ್ತಿ.

ಮಂಡಿಪೇಟೆ
ಎಲ್ಲರದ್ದೂ ಇದೇ ಗೋಳು. ಸೇವೆ ಪುಕ್ಕಟೆ, ಹೋಗೋ ದಾರಿ ದುಬಾರಿ.

ವಾಣಿವಿಲಾಸ
ಡಯಾಲಿಸಿಸ್‌ನೋರನ್ನ ಕೇಳಿ, ಬಾಡಿಗೆ ಅಂದ್ರೇನು ಅಂತ ಹೇಳ್ತಾರೆ. ನಮ್ಮ ಮಾವನಿಗೆ ವಾರಕ್ಕೆ ಎರಡು ಸಲ. ಡಯಾಲಿಸಿಸ್ ಸರ್ಕಾರಿ ಆಸ್ಪತ್ರೇಲಿ ಉಚಿತ. 2016ರಲ್ಲಿ ಕೇಂದ್ರದವರು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿದ್ರು, ಈಗ ತಾಲೂಕು ಆಸ್ಪತ್ರೆಗಳಿಗೂ ಯಂತ್ರ ಬಂದಿವೆ. ದುರ್ಗದವರೆಗೆ ಹೋಗೋದು ತಪ್ಪಿದೆ, ಅದು ದೊಡ್ಡ ಉಪಕಾರ. ಆದ್ರೆ ಯಂತ್ರ ಕೆಟ್ಟರೆ ಆ ವಾರ ಎಲ್ಲಿಗೆ ಓಡೋದು ಅಂತ ಜೀವ ಬಾಯಿಗೆ ಬರುತ್ತೆ. ಅತ್ತೆಗೆ ಶಕ್ತಿ ಯೋಜನೆ ಟಿಕೆಟ್, ಪುಕ್ಕಟೆ. ಮಾವನಿಗೆ ದುಡ್ಡು ಕೊಟ್ಟು ಟಿಕೆಟ್. ಡಯಾಲಿಸಿಸ್ ಚೀಟಿ ತೋರಿಸಿದ್ರೆ ಗಂಡಸರಿಗೂ ಉಚಿತ ಮಾಡಿ ಅಂತ ಕೇಳಿದ್ರೆ ತಪ್ಪೇನಿದೆ?

ಬೆಣ್ಣೆನಗರಿ
ತಪ್ಪಿಲ್ಲ. ಡಯಾಲಿಸಿಸ್ ಆದ್ಮೇಲೆ ಬಸ್‌ನಲ್ಲಿ ನಿಂತ್ಕೊಂಡು ಬರೋದನ್ನ ಕಣ್ಣಾರೆ ನೋಡಿದೀನಿ.

ಹಳೇ ತಲೆಮಾರು
ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಕಾಲದಲ್ಲಿ ಅಜ್ಜ ಅಜ್ಜಿ ವರ್ಷಗಟ್ಟಲೆ ಮಲಗಿದ್ರೂ ಮನೆಯವರೇ ನೋಡ್ಕೊಂಡ್ರು. ಯಾವ ಭತ್ಯೆ ಇತ್ತು? ತಂದೆ ತಾಯಿ ಸೇವೆಗೆ ಸಂಬಳ ಕೇಳೋ ಮಟ್ಟಕ್ಕೆ ಬಂದ್ವಿ ಅಂದ್ರೆ ಎಲ್ಲಿಗೆ ಹೊಂಟೀವಿ? ಎಲ್ಲದಕ್ಕೂ ಸರ್ಕಾರ ಅಂದ್ರೆ ಬೊಕ್ಕಸ ಎಲ್ಲಿಂದ ತುಂಬುತ್ತೆ?

ಕೋಟೆ ಹೆಣ್ಮಗಳು
ಯಜಮಾನ್ರೇ, ಮನೆಯವರೇ ನೋಡ್ಕೊಂಡ್ರು ಅಂದ್ರಲ್ಲ, ಮನೇಲಿ ಯಾರು? ಅವರ ಹೆಸರು ಹೇಳಿ. ಸೊಸೆ, ಹೆಂಡ್ತಿ, ಮದುವೆ ಆಗದೆ ಉಳಿದ ಮಗಳು. ನಮ್ಮ ದೊಡ್ಡಮ್ಮ ಅವರತ್ತೇನ ಹಾಸಿಗೇಲೇ ನೋಡ್ಕೊಂಡ್ರು. ಊರ ಜಾತ್ರೆಗೆ ಹೋಗ್ಲಿಲ್ಲ, ತವರಿಗೆ ಹೋಗ್ಲಿಲ್ಲ, ತಮ್ಮ ತಾಯಿ ತೀರ್ಕೊಂಡಾಗ ಮಣ್ಣಿಗೆ ಹೋಗಿ ಅವತ್ತೇ ವಾಪಸ್ ಬಂದ್ರು. ಅತ್ತೆ ಹೋದ್ಮೇಲೆ ಇವರೇ ಮಂಡಿ ನೋವಲ್ಲಿ ಮಲಗಿದ್ರು. ಊರೆಲ್ಲ "ಎಂಥಾ ಸೊಸೆ" ಅಂತ ಹೊಗಳಿದ್ರು, ಒಂದು ದಿನ ಬಂದು "ನೀ ಮಲ್ಕೊಳಮ್ಮ, ಇವತ್ತು ನಾ ನೋಡ್ಕೊಂತೀನಿ" ಅಂದೋರು ಒಬ್ಬರಿಲ್ಲ.

ಆಗ ಮನೇಲಿ ಹತ್ತು ಜನ ಇರ್ತಿದ್ರು. ಈಗ ಗಂಡ ಹೆಂಡ್ತಿ ಇಬ್ಬರೂ ದುಡಿದ್ರೇನೇ ಒಲೆ ಉರಿಯೋದು. ಒಬ್ಬರು ಕೆಲಸ ಬಿಟ್ರೆ ಆ ಮನೆ ಸಾಲಕ್ಕೆ ಬೀಳುತ್ತೆ. ಆಸ್ಪತ್ರೇಲಿ ನರ್ಸ್ ಮಾಡೋ ಕೆಲಸವನ್ನೇ ಈ ಹೆಂಗಸರು ಮನೇಲಿ ಮಾಡ್ತಾರೆ, ಪೈಪು ನೋಡ್ತಾರೆ, ಹುಣ್ಣು ತೊಳೀತಾರೆ, ಇನ್ಸುಲಿನ್ ಕೊಡ್ತಾರೆ. ಅದೇ ರೋಗಿ ಆಸ್ಪತ್ರೇಲಿ ಇದ್ದಿದ್ರೆ ಸರ್ಕಾರ ದಿನಕ್ಕೆ ಸಾವಿರಾರು ಕಟ್ತಿತ್ತು. ಮನೇಲಿ ಅದೇ ಕೆಲಸಕ್ಕೆ ಏನೂ ಇಲ್ಲ. ಇದನ್ನ ಸಂಬಳ ಅಂತ ಯಾಕೆ ಅಂತೀರ?

ಹಳೇ ತಲೆಮಾರು
ಕಷ್ಟ ಇಲ್ಲ ಅಂತ ನಾನೆಲ್ಲಿ ಅಂದೆ ತಾಯಿ. ದುಡ್ಡು ಕೊಟ್ಟ ತಕ್ಷಣ ಕೊಡ್ಸಿಕೊಳ್ಳೋಕೆ ಅಂತಾನೇ ಹುಟ್ಕೊಳ್ಳೋರು ಇರ್ತಾರೆ, ಅದು ನನ್ನ ಚಿಂತೆ.

ಕೋಟೆ ಹೆಣ್ಮಗಳು
ಕಳ್ಳರಿದಾರೆ ಅಂತ ಸಂತೆ ನಿಲ್ಲಿಸ್ತಾರಾ? ವೈದ್ಯಕೀಯ ಮಂಡಳಿ ನೋಡಿ ಸಹಿ ಮಾಡೋದಲ್ವ. ವೃದ್ಧಾಪ್ಯ, ಕಾಯಿಲೆ, ಅಂಗವಿಕಲತೆ ಬಂದಾಗ ಸರ್ಕಾರ ನೆರವಿಗೆ ನಿಲ್ಲಬೇಕು ಅಂತ ಸಂವಿಧಾನದ 41ನೇ ವಿಧಿಯಲ್ಲೇ ಇದೆ.

ಮಂಡಿಪೇಟೆ
41ನೇ ವಿಧಿ ನಿರ್ದೇಶಕ ತತ್ವ ಮೇಡಂ. ಅದನ್ನ ಹಿಡ್ಕೊಂಡು ನೇರ ಕೋರ್ಟಿಗೆ ಹೋಗಕ್ಕಾಗಲ್ಲ.

ಕೋಟೆ ಹೆಣ್ಮಗಳು
ಗೊತ್ತು ಸರ್. ಕೋರ್ಟಿಗೆ ಬೇಕು ಅಂದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. 38ನೇ ಕಲಂ ಓದಿ. ಶೇ. 40 ಮೇಲ್ಪಟ್ಟವರು ತಮಗೆ ಹೆಚ್ಚಿನ ಬೆಂಬಲ ಬೇಕು ಅಂತ ಅರ್ಜಿ ಹಾಕಬಹುದು, ಮಂಡಳಿ ಪರೀಕ್ಷೆ ಮಾಡಿ ಏನು ಬೆಂಬಲ ಬೇಕು ಅಂತ ವರದಿ ಕೊಡಬೇಕು. ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರೂ ಉಚಿತ. ಪಿಂಚಣಿ ಕೇಳೋರು ಸಾವಿರ ಜನ ಇದ್ರೆ 38ನೇ ಕಲಂನಲ್ಲಿ ಅರ್ಜಿ ಹಾಕೋರು ಕಾಣಲ್ಲ. ಹಾಕಿ ನೋಡೋಣ ಅಂತೀನಿ.

ಸಿರಿಗೆರೆ ಕಡೆಯವ
ಕೇರಳ ನೋಡ್ರಿ. 2008ರಲ್ಲೇ ಪ್ಯಾಲಿಯೇಟಿವ್ ಕೇರ್ (ದೀರ್ಘ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ) ನೀತಿ ತಂದ್ರು. ಪಂಚಾಯ್ತಿ ನರ್ಸ್ ಮನೆಗೇ ಬಂದು ಪೈಪು ಬದಲಾಯಿಸಿ, ಹುಣ್ಣು ತೊಳೆದು ಹೋಗ್ತಾರೆ. ಆಶ್ವಾಸಕಿರಣಂ ಅಂತ ನೋಡ್ಕೊಳ್ಳೋರಿಗೆ ತಿಂಗಳಿಗೆ 600. ದುಡ್ಡು ಕಮ್ಮಿ, ಆದ್ರೆ ಹಾಸಿಗೆ ಹಿಡಿದಿದಾರಾ ಅಂತ ನೋಡ್ತಾರೆ, ನಾಲ್ಕೇ ಕಾಯಿಲೆ ಅಂತ ಗೆರೆ ಎಳೆದಿಲ್ಲ. ತಮಿಳುನಾಡಲ್ಲಿ 2021ರಿಂದ ಬಿಪಿ-ಶುಗರ್ ಮಾತ್ರೆ, ಫಿಸಿಯೋಥೆರಪಿ ಮನೆ ಬಾಗಿಲಿಗೆ. ನಮ್ಮಲ್ಲಿ ಕಾಯಿಲೆ ಹೆಸರಿನ ಮೇಲೆ ಭತ್ಯೆ. ಪಾರ್ಕಿನ್ಸನ್ ಆದೋರ ಹೆಂಡ್ತಿಗೆ ಸಿಗುತ್ತೆ, ಲಕ್ವ ಆದೋರ ಹೆಂಡ್ತಿಗೆ ಇಲ್ಲ. ಎತ್ತಿ ಇಳಿಸೋ ಭಾರ ಇಬ್ಬರದ್ದೂ ಒಂದೇ ಅಲ್ವ?

ಕೊಂಡಜ್ಜಿ
ಮಾತೆತ್ತಿದ್ರೆ ಕೇರಳ. ಅಲ್ಲಿ ಅದನ್ನ ಮೊದಲು ಕಟ್ಟಿದ್ದು ಊರಿನ ಸ್ವಯಂಸೇವಕರು, ಸರ್ಕಾರ ಆಮೇಲೆ ಬಂತು. ನಮ್ಮೂರಲ್ಲಿ ಗಣಪತಿ ಕೂರಿಸೋಕೆ ಇರೋ ಹುಡುಗ್ರು ವಾರಕ್ಕೊಂದು ಗಂಟೆ ಒಂದು ಮನೆಗೆ ಹೋಗಿ ರೋಗಿನ ಎತ್ತಿ ಕೂರಿಸಿದ್ರೂ ಸಾಕು.

ಸಿರಿಗೆರೆ ಕಡೆಯವ
ಒಪ್ಪಿದೆ. ಆದ್ರೆ ಪೈಪು ಬದಲಾಯಿಸೋಕೆ ಗಣಪತಿ ಹುಡುಗ್ರು ಆಗಲ್ಲ, ನರ್ಸೇ ಬೇಕು.

ದುರ್ಗದ ಸಿಎಚ್‌ಒ
ಉಪಕೇಂದ್ರದಲ್ಲಿ ಕೆಲಸ ಮಾಡೋಳು ನಾನು, ಸಿಎಚ್‌ಒ ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮಲ್ಲೂ ಗೃಹ ಆರೋಗ್ಯ ಅಂತ 2024ರ ಅಕ್ಟೋಬರಲ್ಲಿ ಕೋಲಾರದಿಂದ ಶುರುವಾಯ್ತು, ಮನೆ ಮನೆಗೆ ಹೋಗಿ ಬಿಪಿ, ಶುಗರ್ ನೋಡೋದು, ಮಾತ್ರೆ ಕೊಡೋದು. ಆಶಾ ಅಕ್ಕನ ಹತ್ರ "ನಮ್ಮನೇಲಿ ಹಾಸಿಗೆ ಹಿಡಿದವರು ಇದಾರೆ" ಅಂತ ಹೇಳಿ ಹೆಸರು ಬರೆಸಿ. ಬಿಪಿ-ಶುಗರ್ ಮಾತ್ರೆಗೆ ಮೆಡಿಕಲ್ ಶಾಪಿಗೆ ದುಡ್ಡು ಸುರೀಬೇಡಿ. ಪಟ್ಟಣದಲ್ಲಿದ್ರೆ ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ಕೇಳಿ.

ಪ್ಯಾಲಿಯೇಟಿವ್ ಕೇರ್ ಅಂದ್ರೆ ಕ್ಯಾನ್ಸರ್ ಕೊನೇ ಹಂತ ಅಂತ ಜನ ಹೆದರ್ತಾರೆ. ಹಂಗಲ್ಲ. ಲಕ್ವ, ಕಿಡ್ನಿ, ಬೆನ್ನುಹುರಿ ಪೆಟ್ಟು, ಎಲ್ಲರಿಗೂ ಅನ್ವಯ. ರಾಷ್ಟ್ರೀಯ ಕಾರ್ಯಕ್ರಮ 2012ರಿಂದ ಇದೆ. ಮನೆಗೆ ಹೋಗ್ಬೇಕು ಅನ್ನೋ ಮನಸ್ಸು ನಮಗೂ ಇದೆ. ಒಬ್ಬಳೇ ಇಷ್ಟು ಹಳ್ಳಿ, ಲಸಿಕೆ, ರಿಪೋರ್ಟು, ಆ್ಯಪ್ ಎಂಟ್ರಿ. ಜನ ಕೊಡದೆ ಕಾರ್ಯಕ್ರಮ ಕೊಟ್ರೆ ಹಿಂಗೇ ಆಗೋದು.

ಚಳ್ಳಕೆರೆ ಅಮ್ಮ
ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. ಇಲ್ಲಿ ಓದೋ ಬೇರೆ ತಾಯಂದ್ರಿಗೆ ಹೇಳ್ತೀನಿ, ನಿರಾಮಯ ಅಂತ ವಿಮೆ ಇದೆ, ನ್ಯಾಷನಲ್ ಟ್ರಸ್ಟ್‌ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ, ದೊಡ್ಡೋರಿಗೂ. ವರ್ಷಕ್ಕೆ 1 ಲಕ್ಷದವರೆಗೆ. ಅಡ್ಮಿಟ್ ಆಗದೇ ಇದ್ರೂ ಥೆರಪಿ, ಹೊರರೋಗಿ ಖರ್ಚು ಬಿಲ್ಲು ಹಾಕಿ ಪಡೀಬಹುದು. ಮೊದಲು ಕೈಯಿಂದ ಕಟ್ಟಬೇಕು, ಅದೇ ಕಷ್ಟ. ಲಕ್ವಕ್ಕೂ ಹಿಂಗೊಂದು ಇದ್ದಿದ್ರೆ ಈ ತಮ್ಮ ಇಲ್ಲಿ ಬಂದು ಕೇಳ್ಬೇಕಾಗೇ ಇರ್ತಿರಲಿಲ್ಲ.

ಶಾಂತಿಸಾಗರ
ರೋಗಿಗಳೇ ಒಂದಾದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮೂರೇ ಸಾಕ್ಷಿ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರೋದು ದಾವಣಗೆರೆಯಲ್ಲಿ, ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರೋರು. ರಕ್ತ ನಿಲ್ಲಿಸೋ ಫ್ಯಾಕ್ಟರ್ ಇಂಜೆಕ್ಷನ್ ಬಡವರು ಕೊಳ್ಳೋಕೆ ಆಗದಷ್ಟು ದುಬಾರಿ. ಈಗ ಸರ್ಕಾರಿ ಆಸ್ಪತ್ರೇಲಿ ಉಚಿತ ಸಿಗುತ್ತೆ, 2016ರ ಕಾಯ್ದೆಯ 21 ಅಂಗವಿಕಲತೆಗಳಲ್ಲಿ ಹಿಮೋಫಿಲಿಯಾನೂ ಸೇರಿದೆ. ರೋಗಿಗಳು, ಮನೆಯವರು ಬೆನ್ನು ಬಿಡದೆ ಕೇಳಿದ್ದರ ಪಾಲು ಅದರಲ್ಲಿ ದೊಡ್ಡದು. ಲಕ್ವ ಆದೋರ ಮನೆಗಳು ಹಿಮೋಫಿಲಿಯಾಗಿಂತ ಎಷ್ಟೋ ಪಟ್ಟು ಜಾಸ್ತಿ, ಆದ್ರೆ ನಮಗೆ ಸಂಘ ಇಲ್ಲ.

ಗಿರಣಿ ಕಾರ್ಮಿಕನ ಮಗ
ಹೊಳೆಸಾಲು ಅವರೇ, ಅಪ್ಪಾಜಿ ಏನು ಕೆಲಸ ಮಾಡ್ತಿದ್ರು?

ಹೊಳೆಸಾಲು
ಹತ್ತಿ ಗಿರಣಿ. ನಿವೃತ್ತಿ ಆಗೋವರೆಗೂ ಅಲ್ಲೇ ಇದ್ರು.

ಗಿರಣಿ ಕಾರ್ಮಿಕನ ಮಗ
ಹಂಗಾದ್ರೆ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ ಪುಸ್ತಕ ಹುಡುಕಿ! 5 ವರ್ಷ ಇಎಸ್‌ಐ ಕಟ್ಟಿ ನಿವೃತ್ತಿ ಆದೋರು ವರ್ಷಕ್ಕೆ 120 ರೂಪಾಯಿ ಕಟ್ಟಿದ್ರೆ ಗಂಡ ಹೆಂಡ್ತಿ ಇಬ್ಬರಿಗೂ ಇಎಸ್‌ಐ ವೈದ್ಯಕೀಯ ಸೇವೆ ಮುಂದುವರಿಯುತ್ತೆ. ಹೊರರೋಗಿ ಔಷಧಿನೂ ಸೇರಿ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಗಿರಣಿ ಊರು ಇದು, ಎಷ್ಟು ಮುದುಕರಿಗೆ ಈ 120 ರೂಪಾಯಿ ವಿಷಯ ಗೊತ್ತಿಲ್ವೋ.

ಈಗ ಕೆಲಸದಲ್ಲಿರೋರೂ ಕೇಳಿ. ಇಎಸ್‌ಐ ಇದ್ದು ಲಕ್ವ, ಕ್ಯಾನ್ಸರ್‌ನಂಥ 34 ದೀರ್ಘ ಕಾಯಿಲೆಗಳಲ್ಲಿ ಒಂದು ಬಂದ್ರೆ, ಷರತ್ತಿಗೆ ಒಳಪಟ್ಟು 2 ವರ್ಷದವರೆಗೆ ಸಂಬಳದ ಶೇ. 80 ಕೊಡ್ತಾರೆ. ಮಾಲೀಕ ಇಎಸ್‌ಐ ಕಟ್ತಿದಾನಾ ಅಂತ ಇವತ್ತೇ ನೋಡ್ಕೊಳ್ಳಿ.

ಬೆಣ್ಣೆನಗರಿ
ಮಂಡಕ್ಕಿ ಭಟ್ಟಿಯವರಿಗೆ ಇದ್ಯಾವುದೂ ಇಲ್ಲ. ಹೊಗೆ ಕುಡಿದು ದಮ್ಮು ಹಿಡಿದು ಕೂತಿರ್ತಾರೆ. ಅವರ ಬಗ್ಗೆ ಬೇರೆ ಚರ್ಚೆ ಶುರು ಮಾಡ್ತೀನಿ.

ಹೊಳೆಸಾಲು
ಇಎಸ್‌ಐ ಪುಸ್ತಕ ಟ್ರಂಕಿನಲ್ಲಿ ಸಿಕ್ತು, ಹರಿದಿದೆ, ನಂಬರ್ ಕಾಣ್ತಿದೆ. ಎಲ್ಲರಿಗೂ ಕೈ ಮುಗೀತೀನಿ. ಇನ್ನೊಂದು ಪ್ರಶ್ನೆ, ಸೊಂಟದ ಹತ್ರ ಚರ್ಮ ಕೆಂಪಾಗಿದೆ, ಅವ್ವ ಪೌಡರ್ ಹಾಕಿ ತಿಕ್ತಾಳೆ. ಸರೀನಾ?

ನಿವೃತ್ತ ಸಿಸ್ಟರ್
ತಿಕ್ಕಬೇಡಿ ಮಗಾ! ಅದು ಹಾಸಿಗೆ ಹುಣ್ಣಿನ ಶುರು. 2 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ರಾತ್ರೀನೂ. ಕೆಂಪಾದ ಜಾಗದ ಮೇಲೆ ಭಾರ ಬೀಳದಂಗೆ ದಿಂಬು ಕೊಡಿ, ಹಿಮ್ಮಡಿ ಹಾಸಿಗೆಗೆ ತಾಗದಂಗೆ ಎತ್ತರದಲ್ಲಿಡಿ. ಚಾದರ ಸುಕ್ಕಿಲ್ಲದಂಗೆ ಎಳೀಬೇಕು. ಒದ್ದೆ ಇರಬಾರದು. ಗಾಳಿ ಹಾಸಿಗೆ ಆದ್ರೆ ಒಳ್ಳೇದು, ಪಂಚಾಯ್ತಿ ಅರ್ಜೀಲಿ ಗಾಲಿಕುರ್ಚಿ ಜೊತೆ ಅದನ್ನೂ ಬರೀರಿ.

ಮೂಗಿನ ಪೈಪು ಈಗ ತಾನೇ ತೆಗೆದಿದಾರೆ ಅಂದ್ರಿ. ಮಲಗಿಸ್ಕೊಂಡು ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ, ಗಟ್ಟಿ ಗಂಜಿ ಚಮಚದಲ್ಲಿ ಸ್ವಲ್ಪ ಸ್ವಲ್ಪ, ತಿಂದ ಮೇಲೆ ಅರ್ಧ ಗಂಟೆ ಕೂತಿರಲಿ. ನೀರು ಕುಡಿಯುವಾಗ ಕೆಮ್ಮು ಬಂದ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ, ಶ್ವಾಸಕೋಶಕ್ಕೆ ಹೋಗುತ್ತೆ. ಉಚ್ಚೆ ಚೀಲ ಯಾವಾಗ್ಲೂ ಸೊಂಟಕ್ಕಿಂತ ಕೆಳಗಿರಬೇಕು. ಉಚ್ಚೆ ಕಲಕಾಗಿ ಜ್ವರ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಅವ್ವನ ಸೊಂಟಕ್ಕೆ: ಎತ್ತೋದಲ್ಲ, ಚಾದರ ಹಿಡಿದು ಎಳೆಯೋದು ಕಲೀಬೇಕು. ಸಿಆರ್‌ಸಿಗೆ ಹೋದಾಗ ಅವ್ವನ್ನೂ ಕರ್ಕೊಂಡು ಹೋಗಿ, ಫಿಸಿಯೋಥೆರಪಿಯವರು ಅವರಿಗೇ ತೋರಿಸಿ ಕೊಡಲಿ.

ವಿಆರ್‌ಡಬ್ಲ್ಯೂ ಅಕ್ಕ
ಸಿಸ್ಟರ್ ಹೇಳಿದ್ದು ಅಕ್ಷರಶಃ ಪಾಲಿಸಿ. ಗಾಳಿ ಹಾಸಿಗೆ ಅರ್ಜಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಬರೀರಿ, ಒಂದು ನಕಲಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಅಪ್ಪಾಜಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಾನೂ ಈಗಲೇ ನೋಡ್ಕೊಳ್ಳಿ, ಪಿಂಚಣಿ ಮಂಜೂರಾದ್ಮೇಲೆ ನಿಲ್ಲೋದು ಬಹಳ ಸಲ ಅಲ್ಲೇ. ಹೆಬ್ಬೆಟ್ಟು ಬೀಳದಿದ್ರೆ ಬ್ಯಾಂಕಿನವರಿಗೆ ಮನೆಗೆ ಬರೋಕೆ ಹೇಳಿ, ಹಾಸಿಗೆ ಹಿಡಿದವರನ್ನ ಎತ್ಕೊಂಡು ಬನ್ನಿ ಅಂದ್ರೆ ಒಪ್ಪಬೇಡಿ.